ಅಪ್ಪನ 79ರ ಪದ್ಮಿನಿ: ಇದ್ದಂಗೇ ರೆಡಿ ಮಾಡಿಸ್ಲಾ, ಹೊಸ ಎಂಜಿನ್ ಕೂರಿಸ್ಲಾ?

ಬಸವನಗುಡಿ ಹುಡುಗ:
ನಮ್ಮಪ್ಪಂದು 1979ರ ಪ್ರೀಮಿಯರ್ ಪದ್ಮಿನಿ, ಮನೆ ಪಕ್ಕದ ಶೆಡ್ಡಲ್ಲಿ ಒಂಬತ್ತು ವರ್ಷದಿಂದ ನಿಂತಲ್ಲೇ ನಿಂತಿದೆ. ಅಪ್ಪ ಹೋಗಿ ಎರಡು ವರ್ಷ ಆಯ್ತು, ಈಗ ಅದನ್ನ ಓಡಿಸಲೇಬೇಕು ಅಂತ ಮನಸ್ಸು ಮಾಡಿದೀನಿ. ಶೋಗೆ ಇಡೋಕಲ್ಲ, ಭಾನುವಾರ ಗಾಂಧಿ ಬಜಾರು, ವರ್ಷಕ್ಕೊಂದೆರಡ್ಸಲ ಹಾಸನ, ಅಷ್ಟೇ. ಒಬ್ರು ಗ್ಯಾರೇಜಿನೋರು ಬಂದು ನೋಡಿ, ಹಳೇ ಎಂಜಿನ್ ಗುಜರಿಗೆ ಹಾಕಿ ಮಾರುತಿ ಜಿಪ್ಸಿ ಎಂಜಿನ್ ಕೂರಿಸ್ತೀನಿ, ಫ್ಲೋರ್ ಗೇರು, ಪವರ್ ಸ್ಟೀರಿಂಗು, ಎಸಿ ಎಲ್ಲಾ ಸೇರಿ ಒಂದೇ ರೇಟು ಅಂದ್ರು. ಆಸೆ ಆಗ್ತಿದೆ, ಕೈ ಹಾಕೋಕೆ ಮನಸ್ಸೂ ಬರ್ತಿಲ್ಲ. ಅನುಭವ ಇರೋರು ಹೇಳಿ.

ಕಾಲಂ ಶಿಫ್ಟು:
ಬೇಡ ಕಣಪ್ಪ, ದಯವಿಟ್ಟು ಬೇಡ. ಆ 1089 ಸಿಸಿ ಎಂಜಿನ್ನು, ಸ್ಟೀರಿಂಗ್ ಪಕ್ಕದ ಗೇರು, ಅದೇ ಪದ್ಮಿನಿ. ಅದು ತೆಗೆದ್ಮೇಲೆ ಉಳಿಯೋದು ಪದ್ಮಿನಿ ಆಕಾರದ ತಗಡು. ಇನ್ನೊಂದು ವಿಷ್ಯ, 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತ ಬೇರೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು, ಹಂಗಿದ್ರೆ ವಿಎ ಅಂತ ಅಕ್ಷರ ಇರೋ ನಂಬರ್ ಪ್ಲೇಟು ಸಿಗತ್ತೆ. ನಿಮ್ ಗಾಡಿಗೆ 2029ಕ್ಕೆ 50 ತುಂಬತ್ತೆ. ಈಗ ಎಂಜಿನ್ ಕಿತ್ರೆ ಆ ಬಾಗಿಲು ಮುಚ್ಚಿಹೋಯ್ತು.

ಗಿರಿನಗರ ಗೇರು:
ವಿಎ ಪ್ಲೇಟ್ ಹಾಕಿದ ಗಾಡಿನ ದಿನಾ ಓಡಿಸಂಗಿಲ್ಲ ಅನ್ನೋದೂ ಅದೇ ನಿಯಮದಲ್ಲಿದೆ ಸಾರ್, ಅದನ್ನೂ ಹೇಳಿ. ಅವ್ರಿಗೆ ಬೇಕಿರೋದು ಓಡೋ ಕಾರು. ನಾನು ಪದ್ಮಿನಿ ಥರದ್ದೇ ಹಳೇ ಫಿಯಟ್ ಇಟ್ಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತಿದೀನಿ, ಫ್ಯಾನು ಬೆಲ್ಟಿಂದ ತಿರುಗೋದಲ್ವಾ, ಎಂಜಿನ್ ಐಡ್ಲಲ್ಲಿದ್ರೆ ಫ್ಯಾನೂ ನಿಧಾನ, ಹತ್ತು ನಿಮಿಷಕ್ಕೆ ಟೆಂಪರೇಚರ್ ಮುಳ್ಳು ಮೇಲೆ. ಪ್ರೀಮಿಯರ್‌ನೋರೇ ಮಾಡಿದ 118ಎನ್‌ಇ ಗಾಡಿಲಿ ನಿಸಾನ್ 1171 ಸಿಸಿ ಎಂಜಿನ್ ಇತ್ತು, ಎಷ್ಟೋ ಜನ ಅದನ್ನ ಪದ್ಮಿನಿಗೆ ಕೂರಿಸಿದಾರೆ. ಅದು ಬರೀ ತಗಡು ಹೆಂಗಾಗತ್ತೆ? ಶೆಡ್ಡಲ್ಲಿ ತುಕ್ಕು ಹಿಡೀತಾ ಕೂತಿರೋ ಒರಿಜಿನಲ್ಲಿಗಿಂತ ರಸ್ತೆ ಮೇಲಿರೋದೇ ವಾಸಿ ಅನ್ಸತ್ತೆ ನಂಗೆ.

ಆರ್‌ಸಿ ಬುಕ್ಕು:
ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದ್ಕೊಳ್ಳಿ ಮೊದ್ಲು. ಕಂಪನಿ ಸ್ಪೆಸಿಫಿಕೇಷನ್ನಿಗೆ ವ್ಯತ್ಯಾಸ ಬರೋ ಹಂಗೆ ಗಾಡಿ ಬದಲಾಯಿಸಂಗಿಲ್ಲ, 2019ರ ಜನವರಿಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಬೇರೆ ಕಂಪನಿ ಎಂಜಿನ್ ಹಾಕಿ ಆರ್‌ಸಿಲಿ ಹಳೇ ನಂಬರೇ ಇದ್ರೆ, ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನೋರ ಮುಂದೆ ಏನಂತ ಹೇಳ್ತೀರಾ?

ವಿಲ್ಸನ್ ಗಾರ್ಡನ್ ಮೇಸ್ತ್ರಿ:
ಎಂಜಿನ್ ಜಗಳ ಆಮೇಲೆ ಆಡ್ರಪ್ಪ. ಅದು 40 ಚಿಲ್ರೆ ಎಚ್‌ಪಿ ಗಾಡಿ, ಜಿಪ್ಸಿ ಕಿಂಗ್ ಎಂಜಿನ್ನು 80. ಹಿಂದಿನ ಆಕ್ಸಲ್ಲು, ನಾಲ್ಕು ಡ್ರಮ್ ಬ್ರೇಕು ಎಲ್ಲಾ ಆ 40ಕ್ಕೆ ಮಾಡಿದ್ದು, ಡಬಲ್ ಶಕ್ತಿ ಕೊಟ್ಟು ಹಾಸನ ರೋಡಲ್ಲಿ ಬಿಟ್ರೆ ನಿಲ್ಸೋರ್ಯಾರು? ಒಂಬತ್ತು ವರ್ಷ ನಿಂತಿದೆ ಅಂದ್ರೆ ಚಕ್ರದಲ್ಲಿ ಬ್ರೇಕ್ ಒತ್ತೋ ವೀಲ್ ಸಿಲಿಂಡರ್ ಹಿಡ್ಕೊಂಡಿರತ್ತೆ, ಬ್ರೇಕ್ ಹೋಸು ಒಳಗಡೆ ಊದ್ಕೊಂಡಿರತ್ತೆ. ಪೆಡಲ್ ಹತ್ರದ ಮಾಸ್ಟರ್ ಸಿಲಿಂಡರ್ ಸಿಂಗಲ್ ಸರ್ಕ್ಯೂಟ್, ಅಂದ್ರೆ ನಾಲ್ಕೂ ಚಕ್ರಕ್ಕೆ ಒಂದೇ ಲೈನು ಇದ್ರೆ ಒಂದು ಕಡೆ ಲೀಕ್ ಆದ್ರೂ ಪೆಡಲ್ ಪೂರ್ತಿ ನೆಲಕ್ಕೆ, ಅದನ್ನ ಡ್ಯುಯಲ್ ಮಾಡ್ಸು. ಈ ಬದಲಾವಣೆ ಮಾತ್ರ ಯಾರು ಬೇಡ ಅಂದ್ರೂ ಕೇಳ್ಬೇಡ.

ಇನ್ನು ಸೆಲ್ಫ್ ಹೊಡೀಬೇಡ. ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಒಂದೊಂದು ಚಮಚ ಆಯಿಲ್ ಬಿಡು, ಎರಡು ದಿನ ಬಿಟ್ಟು ಟಾಪ್ ಗೇರಲ್ಲಿ ಹಾಕಿ ನಿಧಾನಕ್ಕೆ ತಳ್ಳು, ತಿರುಗಿದ್ರೆ ನಿನ್ ಅದೃಷ್ಟ. ಟ್ಯಾಂಕ್ ಇಳಿಸಿ ತೊಳ್ಸು. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಇರೋ ಪೆಟ್ರೋಲು, ಹಳೇ ರಬ್ಬರ್ ಪೈಪು, ಪಂಪ್ ಡಯಾಫ್ರಾಮು ಮೆತ್ತಗಾಗ್ತವೆ, ಎಥನಾಲ್ ನೀರೂ ಎಳ್ಕೊಳ್ಳತ್ತೆ, ತಿಂಗಳುಗಟ್ಲೆ ನಿಲ್ಲೋ ಗಾಡಿ ಟ್ಯಾಂಕಿಗೆ ತುಕ್ಕು ಗ್ಯಾರಂಟಿ. ಪೈಪೆಲ್ಲಾ ಎಥನಾಲ್ ತಡ್ಕೊಳ್ಳೋ ವಿಟಾನ್ ರಬ್ಬರ್‌ದು ಹಾಕ್ಸು. ಆಮೇಲೆ ಕಾಲಡಿ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಲ್ಲಿ ನೆಲ ಕುಟ್ಟು, ತುಕ್ಕು ತಿಂದಿದ್ರೆ ಗೊತ್ತಾಗತ್ತೆ. ದುಡ್ಡು ಖರ್ಚಾಗೋದು ಅಲ್ಲಿ.

ಮಲ್ಲೇಶ್ವರ 8ನೇ ಕ್ರಾಸು:
ನಮ್ಮನೇಲಿ ಇದು ಆಗಿಹೋಗಿದೆ, ಅದಕ್ಕೆ ಬರೀತಿದೀನಿ. ಅಪ್ಪಂದು ಅಂಬಾಸಿಡರ್, 1489 ಸಿಸಿ ಪೆಟ್ರೋಲು. ಒಂದು ವರ್ಕ್‌ಶಾಪಲ್ಲಿ ಬೇರೆ ಎಂಜಿನ್ ಹಾಕಿಸಿದ್ವಿ, ಎಸಿಗೋಸ್ಕರ ಡ್ಯಾಶ್‌ಬೋರ್ಡ್ ಕತ್ತರಿಸಿದ್ರು, ಹಳೇ ಎಂಜಿನ್ನ ನಮ್ಮನ್ನ ಕೇಳ್ದೆ ತೂಕಕ್ಕೆ ಹಾಕ್ಬಿಟ್ರು. ಆರ್‌ಸಿ ರಿನ್ಯೂ ಮಾಡಿಸೋಕೆ ಹೋದಾಗ ಎಂಜಿನ್ ನಂಬರ್ ತಾಳೆ ಆಗ್ಲಿಲ್ಲ, ಗಾಡಿ ಈಗಲೂ ಮನೇಲೇ ಇದೆ. ಅದಕ್ಕಿಂತ ಬೇಜಾರು ಅಂದ್ರೆ ಸದ್ದು. ಅಪ್ಪ ಆಫೀಸಿಂದ ಬಂದ್ರೆ ಗೇಟ್ ಹತ್ರ ಆ ಎಂಜಿನ್ ಸದ್ದು ಕೇಳೇ ಅಮ್ಮ ಕಾಫಿಗೆ ಇಡ್ತಿದ್ರು. ಆ ಸದ್ದು ಇನ್ನ ಬರಲ್ಲ. ಏನೇ ಮಾಡಿಸಿ, ಬಿಚ್ಚಿದ್ದು ಒಂದು ಬೋಲ್ಟ್ ಆದ್ರೂ ವಾಪಸ್ ಈಸ್ಕೊಂಡು ಮನೇಲಿಡಿ.

ಗಿರಿನಗರ ಗೇರು:
ಮೇಡಂ, ಓದಿ ಸಂಕಟ ಆಯ್ತು. ಸರಿ, ಎಂಜಿನ್ ವಿಷ್ಯದಲ್ಲಿ ನನ್ ಮಾತು ವಾಪಸ್. ಆದ್ರೆ ಎಲೆಕ್ಟ್ರಿಕ್ ಫ್ಯಾನು, ಹೆಡ್‌ಲೈಟಿಗೆ ರಿಲೇ, ಸೀಟ್ ಬೆಲ್ಟು, ಪ್ಲಗ್ಗಿಗೆ ಕಿಡಿ ಬರ್ಸೋ ಹಳೇ ಪಾಯಿಂಟ್ ಬದ್ಲು ಎಲೆಕ್ಟ್ರಾನಿಕ್ ಇಗ್ನಿಷನ್, ಇಷ್ಟು ಬಿಡಲ್ಲ. ಬೇಡ ಅನ್ಸಿದ್ರೆ ಇವನ್ನ ತೆಗೆದು ಹಳೇದೇ ಹಾಕ್ಬೋದು.

ಕಾಲಂ ಶಿಫ್ಟು:
ಫ್ಯಾನು, ಸೀಟ್ ಬೆಲ್ಟು ಒಪ್ದೆ. ಇಗ್ನಿಷನ್ ಒಪ್ಪಲ್ಲ. ಪಾಯಿಂಟ್ ಕೈಕೊಟ್ರೆ ರೋಡ್ ಸೈಡಲ್ಲಿ ಒಂದು ಚೂರು ಎಮರಿ ಪೇಪರಲ್ಲಿ ಉಜ್ಜಿ ಮನೆಗೆ ಬರ್ತೀನಿ, ಎಲೆಕ್ಟ್ರಾನಿಕ್ ಮಾಡ್ಯೂಲ್ ಸತ್ರೆ ಕುಣಿಗಲ್ ಹತ್ರ ಏನ್ ಮಾಡ್ತೀರಾ? ಪಾರ್ಟ್ಸ್ ಸಿಗಲ್ಲ ಅಂತ ಹೆದರ್ಸೋರಿಗೂ ಒಂದು ಮಾತು, ಬಾಂಬೆಲಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ತನಕ ಇತ್ತು. ಜೆಸಿ ರೋಡು, ಶಿವಾಜಿನಗರ ಗುಜರಿ ಎರಡೂ ಕಡೆ ತಾಳ್ಮೆಯಿಂದ ಹುಡುಕಿ.

ಗಿರಿನಗರ ಗೇರು:
ಡಿಕ್ಕಿಲಿ ಪಾಯಿಂಟ್ ಇರೋ ಹಳೇ ಡಿಸ್ಟ್ರಿಬ್ಯೂಟರ್ ಇಟ್ಕೊಂಡು ಹೋಗ್ತೀನಿ ಸಾರ್, ಅರ್ಧ ಗಂಟೆ ಕೆಲ್ಸ.

ಬಸವನಗುಡಿ ಹುಡುಗ:
ಎಲ್ರಿಗೂ ಥ್ಯಾಂಕ್ಸ್. ಮೇಸ್ತ್ರಿ ಹೇಳ್ದಂಗೆ ಆಯಿಲ್ ಬಿಟ್ಟು ಇವತ್ತು ಬೆಳಗ್ಗೆ ನಾನೂ ತಮ್ಮಾನೂ ತಳ್ಳಿದ್ವಿ, ಮೊದ್ಲು ಕದಲ್ಲೇ ಇಲ್ಲ, ಮೂರನೇ ಸಲಕ್ಕೆ ಎಂಜಿನ್ ತಿರುಗ್ತು! ಅಮ್ಮ ಬಾಗಿಲಲ್ಲೇ ನಿಂತು ನೋಡ್ತಿದ್ರು. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಗೆ ತಾಳೆ ಆಗಿದೆ. ಗ್ಯಾರೇಜಿನೋರಿಗೆ ಎಂಜಿನ್ ಬಿಚ್ಬೇಡಿ ಅಂತ ಫೋನ್ ಮಾಡ್ದೆ. ಡ್ರೈವರ್ ಸೀಟ್ ಕೆಳಗೆ ಮಾತ್ರ ಅಂಗೈ ಅಗಲ ತೂತು ಬಿದ್ದಿದೆ. ಮೇಸ್ತ್ರಿ, ವೀಲ್ ಸಿಲಿಂಡರ್ ಹೊಸದು ಸಿಗದಿದ್ರೆ ಹಳೇದಕ್ಕೇ ಒಳಗೆ ಸ್ಲೀವ್, ಅಂದ್ರೆ ಹೊಸ ಕೊಳವೆ ಹಾಕಿಸ್ಬೋದಾ?

ವಿಲ್ಸನ್ ಗಾರ್ಡನ್ ಮೇಸ್ತ್ರಿ:
ಸಿಲಿಂಡರ್ ಒಳಗೋಡೇಲಿ ತುಕ್ಕಿನ ಗುಂಡಿ ಎಷ್ಟು ಆಳ ಇದೆ ನೋಡ್ದೆ ಹೇಳಕ್ಕಾಗಲ್ಲ. ನಾಲ್ಕು ಚಕ್ರದ್ದೂ ಬಿಚ್ಚಿ ಫೋಟೋ ಹಾಕು.