ನೊಬೆಲ್ ಬಂದವರನ್ನು ಅದು ಬರುವ ಮೊದಲು ದಿನಾ ಎಬ್ಬಿಸುತ್ತಿದ್ದದ್ದು ಎಂತ?

ಕಾವೂರು ಝೆರಾಕ್ಸ್
ಭಾನುವಾರ, ರಾತ್ರಿ 10:52

ನಮಸ್ಕಾರ. ಕಾವೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಉಂಟು, 19 ವರ್ಷ ಆಯ್ತು. ಮಗಳದ್ದು ಈ ಸಲ ಸೆಕೆಂಡ್ ಪಿಯುಸಿ ಮುಗಿಯಿತು. ಮಾರ್ಕು ಒಳ್ಳೆದುಂಟು, ಆದ್ರೆ ನೀಟಿನಲ್ಲಿ ಸರಕಾರಿ ಸೀಟಿಗೆ ಸಾಲುವಷ್ಟು ಬರಲಿಲ್ಲ. ಇನ್ನೊಂದು ವರ್ಷ ಕೋಚಿಂಗಿಗೆ ಹಾಕಿ ಅಂತ ಮನೆಯವರೆಲ್ಲ ಹೇಳ್ತಾರೆ. ಅವಳು ಮಾತ್ರ, "ಬೇಡಪ್ಪ, ಬಿಎಸ್ಸಿ ಫಿಸಿಕ್ಸ್ ಮಾಡ್ತೇನೆ, ಮತ್ತೆ ರಿಸರ್ಚ್" ಅಂತ ಒಂದೇ ಹಟ.

ಇವತ್ತು ಊಟಕ್ಕೆ ಬಂದ ಭಾವ ಅದನ್ನು ಕೇಳಿ ನಗಾಡಿದ. "ಹೌದಾ, ನೊಬೆಲ್ ತರ್ತಾಳಾ?" ಅಂದ. ಹುಡುಗಿ ಅರ್ಧ ಊಟ ಬಿಟ್ಟು ಎದ್ದು ಹೋದಳು. ನನಗೂ ಬೇಜಾರಾಯ್ತು. ಆದ್ರೆ ಈಗ ಮಲಗಿದರೆ ಅದೇ ಮಾತು ಮಂಡೆಯಲ್ಲಿ ತಿರುಗ್ತಾ ಉಂಟು. ಪ್ರತಿ ಅಕ್ಟೋಬರ್‌ನಲ್ಲಿ ಪೇಪರಿನಲ್ಲಿ ನೊಬೆಲ್ ಬಂದವರ ಫೋಟೋ ಬರ್ತದೆ. ಬಿಳಿ ಕೂದಲು, ನಗು, ಇಷ್ಟು ಕೋಟಿ ಬಹುಮಾನ. ಅದರ ಹಿಂದಿನ ಇಪ್ಪತ್ತು ಮೂವತ್ತು ವರ್ಷ ಅವರು ಎಂತ ನಂಬಿಕೊಂಡು ಕೆಲಸ ಮಾಡಿದ್ದು? ನಾನು ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತುವುದು ಬಾಡಿಗೆ ಕಟ್ಟಲಿಕ್ಕೆ. ಅವರಿಗೆ ಎಂತ ಕಟ್ಟಲಿಕ್ಕಿತ್ತು?

ದಯವಿಟ್ಟು ಜ್ಞಾನದಾಹ, ಮಾನವಕುಲದ ಸೇವೆ ಅಂತೆಲ್ಲ ಬರೆಯಬೇಡಿ. ಅಂಥ ಭಾಷಣ ಸ್ಪರ್ಧೆಯ ಹಾಳೆಗಳನ್ನು ನಾನೇ ಸಾವಿರಗಟ್ಟಲೆ ಕಾಪಿ ತೆಗೆದುಕೊಟ್ಟಿದ್ದೇನೆ.


ಕಾಪು ಮಾಷ್ಟ್ರು
ಸೋಮವಾರ, ಬೆಳಿಗ್ಗೆ 6:15

ಮಾರಾಯ್ರೆ, ಆ ಹಾಳೆಗಳಲ್ಲಿ ಒಂದೆರಡು ನನ್ನದೇ ಇರಬಹುದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವ ನಾನು. ಫೆಬ್ರವರಿ 28ರ ವಿಜ್ಞಾನ ದಿನ ಹತ್ತಿರ ಬಂತೆಂದರೆ ಮಕ್ಕಳಿಗೆ ಸಿ. ವಿ. ರಾಮನ್ ಭಾಷಣ ಬರೆದುಕೊಡುವ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬರುತ್ತಿತ್ತು. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ.

1907ರಲ್ಲಿ ರಾಮನ್ ಕಲ್ಕತ್ತಕ್ಕೆ ಹೋದದ್ದು ವಿಜ್ಞಾನಿಯಾಗಿ ಅಲ್ಲ, ಸರಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ. ವಯಸ್ಸು ಹದಿನೆಂಟು, ಮದುವೆಯಾಗಿತ್ತು, ಸಂಬಳ ಭರ್ಜರಿ. ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ವಿಜ್ಞಾನ ಸಂಘವೊಂದರ ಬೋರ್ಡು ಕಂಡು ಅಲ್ಲೇ ಇಳಿದರಂತೆ. ಆಮೇಲೆ ಬೆಳಿಗ್ಗೆ ಐದೂವರೆಗೆ ಲ್ಯಾಬು, ಹತ್ತಕ್ಕೆ ಆಫೀಸು, ಸಂಜೆ ಐದಕ್ಕೆ ಪುನಃ ಲ್ಯಾಬು. ನಡುವೆ ರಂಗೂನು, ನಾಗಪುರಕ್ಕೆ ವರ್ಗ ಆದದ್ದು ಬಿಟ್ಟರೆ ಹತ್ತು ವರ್ಷ ಹೀಗೇ. 1917ರಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು, ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು. ಹೋದರು. ನಿಮ್ಮ ಭಾವ ಆ ಕಾಲದಲ್ಲಿ ಇದ್ದಿದ್ದರೆ ಅವರನ್ನೂ ನೋಡಿ ನಗಾಡುತ್ತಿದ್ದರು.

ಆ ಕಾಲದಲ್ಲಿ ಅವರು ತಲೆಕೆಡಿಸಿಕೊಂಡದ್ದು ಪಿಟೀಲಿನ ತಂತಿ, ವೀಣೆಯ ನಾದ ಇಂಥದ್ದಕ್ಕೆ. ಮದ್ದಳೆ ನುಡಿಸುವವರನ್ನು ಕೇಳಿ, ಚರ್ಮದ ನಡುವೆ ಕಪ್ಪು ಕರಣೆ ಹಾಕದಿದ್ದರೆ ಸ್ವರ ನಿಲ್ಲುವುದಿಲ್ಲ ಅನ್ನುತ್ತಾರೆ. ಮೃದಂಗಕ್ಕೆ ಅದು ಯಾಕೆ ಹಾಗೆ ಎಂದು ರಾಮನ್ 1920ರಲ್ಲಿ ಬರೆದಿದ್ದಾರೆ. ಅದಕ್ಕೆ ಯಾರೂ ನೊಬೆಲ್ ಕೊಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಹಾಗಂತ ಸನ್ಯಾಸಿ ಎಂದುಕೊಳ್ಳಬೇಡಿ. 1930ರಲ್ಲಿ ಬಹುಮಾನ ಘೋಷಣೆಯಾದದ್ದು ನವೆಂಬರ್‌ನಲ್ಲಿ. ಇವರು ತನಗೂ ಹೆಂಡತಿಗೂ ಹಡಗಿನ ಟಿಕೆಟು ಜುಲೈಯಲ್ಲೇ ಮಾಡಿಸಿದ್ದರು. ಆಸೆ, ಅಹಂಕಾರ ಎಲ್ಲ ಧಾರಾಳ ಇತ್ತು. ಆದರೆ ಬೆಳಿಗ್ಗೆ ಐದೂವರೆಗೆ ಎಬ್ಬಿಸಿದ್ದು ಆ ಆಸೆ ಅಲ್ಲ ಎಂದು ನನ್ನ ಅಭಿಪ್ರಾಯ. ಆಸೆಗೆ ಅಷ್ಟು ಬೇಗ ಎಚ್ಚರ ಆಗುವುದಿಲ್ಲ.

ದೂರ ಯಾಕೆ, ನಮ್ಮ ಅದಮಾರಿನ ಯು. ಆರ್. ರಾವ್ ಇಲ್ಲವಾ? ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಕಲಿತವರು. ಅಮೆರಿಕದಲ್ಲಿ ಕೆಲಸ ಇತ್ತು, ಬಿಟ್ಟು ಬಂದರು. ಆರ್ಯಭಟ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿಸಿದರು. ಅದರ ಸಂಕೇತ ಹಿಡಿಯಲಿಕ್ಕೆ ಒಂದು ಟಾಯ್ಲೆಟನ್ನೇ ಖಾಲಿ ಮಾಡಿಸಿ ಕೋಣೆ ಮಾಡಿಕೊಂಡಿದ್ದರಂತೆ. 1975ರ ಏಪ್ರಿಲ್ 19ಕ್ಕೆ ಅದು ಮೇಲೆ ಹೋಯಿತು. ಪದ್ಮವಿಭೂಷಣ ಬಂದದ್ದು 2017ರಲ್ಲಿ, ತೀರಿಹೋದದ್ದೂ ಅದೇ ವರ್ಷ.


ಸುಮ್ಮನೆ ಓದುವವ
ಸೋಮವಾರ, ಬೆಳಿಗ್ಗೆ 9:40

ಕಂಬಳದಲ್ಲಿ ಗೆದ್ದ ಕೋಣದ ಯಜಮಾನನನ್ನು, ಎಂತ ತಿನ್ನಿಸಿದ್ದು ಅಂತ ಕೇಳಿದ ಹಾಗಾಯ್ತು ಇದು. ಹುರುಳಿ ಅಂತಾನೆ. ಸೋತ ಕೋಣ ತಿಂದದ್ದೂ ಹುರುಳಿಯೇ.

ಡಗ್ಲಸ್ ಪ್ರಾಶರ್ ಹೆಸರು ಕೇಳಿದ್ದೀರಾ? ಅಂಬಲಿ ಮೀನು ಹಸಿರಾಗಿ ಹೊಳೆಯುವುದಕ್ಕೆ ಕಾರಣವಾದ ಪ್ರೋಟೀನಿನ ಜೀನನ್ನು ಮೊದಲು ಬೇರ್ಪಡಿಸಿದವರು. ಮುಂದಕ್ಕೆ ಹಣ ಸಿಗಲಿಲ್ಲ. ಕೇಳಿದ ಇಬ್ಬರಿಗೆ ಆ ಜೀನನ್ನು ಹಾಗೇ ಕಳಿಸಿಕೊಟ್ಟರು. 2008ರಲ್ಲಿ ಆ ಇಬ್ಬರಿಗೆ, ಜತೆಗೆ ಪ್ರೋಟೀನನ್ನು ಮೊದಲು ಕಂಡುಹಿಡಿದ ಶಿಮೊಮುರಾಗೆ ಕೆಮಿಸ್ಟ್ರಿ ನೊಬೆಲ್ ಬಂತು. ಅವತ್ತು ಪ್ರಾಶರ್ ಅಮೆರಿಕದ ಅಲಬಾಮಾದಲ್ಲಿ ಒಂದು ಕಾರ್ ಶೋರೂಮಿನ ಗಿರಾಕಿಗಳನ್ನು ವ್ಯಾನಿನಲ್ಲಿ ಬಿಡುವ ಡ್ರೈವರ್. ಗೆದ್ದವರೇ ಖರ್ಚು ಹಾಕಿ ಅವರನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡರು ಅನ್ನಿ. ಕೆಲವು ವರ್ಷದ ಮೇಲೆ ಅದರಲ್ಲೊಬ್ಬರಾದ ತ್ಸಿಯನ್ ಅವರ ಲ್ಯಾಬಿಗೇ ಪ್ರಾಶರ್ ಸೇರಿದರು.

ಮಗಳಿಗೆ ಇದನ್ನೂ ಹೇಳಿ. ಹೆದರಿಸ್ಲಿಕ್ಕೆ ಅಲ್ಲ.


ಕಾವೂರು ಝೆರಾಕ್ಸ್
ಸೋಮವಾರ, ಮಧ್ಯಾಹ್ನ 1:20

ಮಾಷ್ಟ್ರೆ, ಮದ್ದಳೆ ಕತೆ ಅವಳಿಗೆ ಓದಿ ಹೇಳಿದೆ, ಬಿದ್ದುಬಿದ್ದು ಖುಷಿಪಟ್ಟಳು. ವ್ಯಾನ್ ಡ್ರೈವರಿನ ಕತೆ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ ಕೇಳಿದ್ದು, "ಅವರು ಯಾಕೆ ಕೊಟ್ಟುಬಿಟ್ಟರು?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾವನಿಗಂತೂ ಈ ಕತೆ ತೋರಿಸುವುದಿಲ್ಲ.


ಮಲ್ಪೆ ಲೆಕ್ಕದವ
ಸೋಮವಾರ, ರಾತ್ರಿ 8:05

ನಾನು ಬಂದರಿನಲ್ಲಿ ಬೋಟುಗಳ ಲೆಕ್ಕ ಬರೆಯುವವ. ಡೀಸೆಲ್ ಎಷ್ಟು, ಐಸು ಎಷ್ಟು, ಕಳೆದು ಉಳಿದದ್ದರಲ್ಲಿ ಯಾರಿಗೆಷ್ಟು ಪಾಲು. ಎಂಎ ಎಕನಾಮಿಕ್ಸ್ ಪೋಸ್ಟಿನಲ್ಲಿ ಮಾಡಿದ್ದು, ಮನೆಯಲ್ಲಿ ಯಾರಿಗೂ ಅದರಿಂದ ಮೂರು ಕಾಸಿನ ಪ್ರಯೋಜನ ಆಗಿಲ್ಲ. ಆದ್ರೆ ಅದರಿಂದ ನನಗೆ ಒಬ್ಬಳು ಹೆಂಗಸಿನ ಪರಿಚಯ ಆಯ್ತು: ಎಲಿನಾರ್ ಆಸ್ಟ್ರಂ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್, ಅದನ್ನು ಪಡೆದ ಮೊದಲ ಮಹಿಳೆ.

ಹುಟ್ಟಿದ್ದು 1933ರಲ್ಲಿ ಲಾಸ್ ಏಂಜಲೀಸ್‌ನಲ್ಲಿ. ಕಾಲೇಜು ಯಾಕೆ ಎಂದವರು ತಾಯಿಯೇ. ಡಿಗ್ರಿ ಮುಗಿಸಿ ಕೆಲಸ ಕೇಳಲಿಕ್ಕೆ ಹೋದರೆ ಮೊದಲ ಪ್ರಶ್ನೆ ಟೈಪಿಂಗ್, ಶಾರ್ಟ್‌ಹ್ಯಾಂಡ್ ಬರ್ತದಾ ಅಂತ. ಅಂಚೆಯ ಮೂಲಕ ಶಾರ್ಟ್‌ಹ್ಯಾಂಡ್ ಕಲಿತಳು. ಎಕನಾಮಿಕ್ಸಿನಲ್ಲಿ ಪಿಎಚ್‌ಡಿಗೆ ಹೋದರೆ, ನಿನಗೆ ಗಣಿತ ಸಾಲದು ಅಂತ ಸೇರಿಸಿಕೊಳ್ಳಲಿಲ್ಲ. ಗಣಿತ ಯಾಕೆ ಸಾಲಲಿಲ್ಲ ಅಂದ್ರೆ, ಹುಡುಗಿಯರಿಗೆ ಟ್ರಿಗನಾಮೆಟ್ರಿ ಬೇಡ ಅಂತ ಶಾಲೆಯಲ್ಲೇ ತಡೆದಿದ್ದರು! ಕೊನೆಗೆ ರಾಜ್ಯಶಾಸ್ತ್ರದಲ್ಲಿ ಸೇರಿದಳು.

ಈಗ ಕೇಳಿ. ಅವಳ ಪಿಎಚ್‌ಡಿ ವಿಷಯ ಎಂತ? ಸಮುದ್ರದ ಬದಿಯ ಬಾವಿಗಳಿಗೆ ಉಪ್ಪುನೀರು ನುಗ್ಗುವುದು. ಎಲ್ಲರೂ ಪಂಪಿಟ್ಟು ಎಳೆದರೆ ಎಲ್ಲರ ಬಾವಿಯೂ ಉಪ್ಪಾಗ್ತದೆ, ಹಾಗಾದ್ರೆ ಯಾರು ಎಷ್ಟು ಎಳೆಯಬೇಕು ಅಂತ ಅಲ್ಲಿಯವರು ಹೇಗೆ ಒಪ್ಪಂದಕ್ಕೆ ಬಂದರು? ಏಪ್ರಿಲ್, ಮೇಯಲ್ಲಿ ನಮ್ಮ ಮನೆ ಬಾವಿ ನೀರು ಬಾಯಿಗಿಟ್ಟು ನೋಡಿ, ಈ ಹೆಂಗಸು ನಮ್ಮ ಮನೆಗೆ ಬಂದು ಹೋದವಳೇ ಅನ್ನಿಸ್ತದೆ.

ದೊಡ್ಡ ದೊಡ್ಡ ಪಂಡಿತರೆಲ್ಲ ಆಗ ಹೇಳುತ್ತಿದ್ದದ್ದು, ಎಲ್ಲರಿಗೂ ಸೇರಿದ್ದು ಹಾಳಾಗಿಯೇ ಆಗ್ತದೆ, ಸರಕಾರ ಹಿಡೀಬೇಕು ಇಲ್ಲ ಮಾರಿಬಿಡಬೇಕು ಅಂತ. ಇವಳು ಪುಸ್ತಕ ಮುಚ್ಚಿಟ್ಟು ಜನರನ್ನು ಕೇಳಲಿಕ್ಕೆ ಹೊರಟಳು. ಟರ್ಕಿಯ ಅಲಾನ್ಯ ಎಂಬ ಊರಿನ ಮೀನುಗಾರರ ಲೆಕ್ಕಾಚಾರ ಅವಳ 1990ರ ಪುಸ್ತಕದಲ್ಲಿ ಉಂಟು. ಸೆಪ್ಟೆಂಬರಿನಲ್ಲಿ ಬಲೆ ಹಾಕುವ ಜಾಗಗಳಿಗೆ ಚೀಟಿ ಎತ್ತುವುದು. ಮತ್ತೆ ಜನವರಿಯವರೆಗೆ ಪ್ರತಿಯೊಬ್ಬ ದಿನಕ್ಕೊಂದು ಜಾಗ ಪೂರ್ವಕ್ಕೆ ಸರಿಯುವುದು, ಅಲ್ಲಿಂದ ಮೇವರೆಗೆ ಪಶ್ಚಿಮಕ್ಕೆ. ಒಳ್ಳೆ ಜಾಗ ಎಲ್ಲರಿಗೂ ಒಂದೊಂದು ದಿನ. ಮೋಸ ಮಾಡಿದರೆ ಆ ದಿನ ಒಳ್ಳೆ ಜಾಗದ ಸರದಿ ಇದ್ದವನೇ ಹಿಡಿಯುತ್ತಾನೆ, ಪೊಲೀಸು ಬೇಕಿಲ್ಲ.

ಇದನ್ನು ಓದಿದ ದಿನ ಅಜ್ಜನ ನೆನಪು ಬಂತು. ದಡದಿಂದ ರಂಪಣಿ ಬಲೆ ಎಳೆಯುವಾಗ ಊರಿಗೆ ಊರೇ ಹಗ್ಗ ಹಿಡಿಯುತ್ತಿತ್ತು, ಕೈ ಹಾಕಿದವರಿಗೆಲ್ಲ ಪಾಲು, ಗಂಡ ಸತ್ತ ಮನೆಗೂ ಒಂದು ಬುಟ್ಟಿ ಬೂತಾಯಿ ಅನ್ನುತ್ತಿದ್ದರು. 1970ರ ದಶಕದ ಕೊನೆಗೆ ದೊಡ್ಡ ಬಲೆಯಲ್ಲಿ ಮೀನಿನ ಹಿಂಡನ್ನೇ ಸುತ್ತುವ ಪರ್ಸೀನ್ ಬೋಟು ಬಂತು, ರಂಪಣಿ ಮುಗಿಯಿತು. ಈಗ ಜೂನ್, ಜುಲೈ 61 ದಿನ ಯಾಂತ್ರಿಕ ಬೋಟು ಕಟ್ಟಿಡಬೇಕು ಅಂತ ಸರಕಾರ ಹೇಳ್ತದೆ, ಅದನ್ನಾದ್ರೂ ಎಲ್ಲರೂ ಪಾಲಿಸ್ತೇವೆ. ಲೈಟ್ ಹಾಕಿ ಮೀನು ಹಿಡಿಯಬೇಡಿ ಅಂದ್ರೆ ಮಾತ್ರ ವರ್ಷವೂ ಜಗಳ. ಅಜ್ಜನ ಕಾಲದ ನಿಯಮ ಯಾರೂ ಬರೆದಿಟ್ಟಿರಲಿಲ್ಲ. ಆಸ್ಟ್ರಂ ಇಲ್ಲಿಗೆ ಬಂದಿದ್ದರೆ ಕೂತು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದಳೋ ಏನೋ.

ಬಹುಮಾನದ ಪಾಲನ್ನು ಅವಳು ತನ್ನ ವಿಶ್ವವಿದ್ಯಾಲಯದ ಸಂಶೋಧನೆಗೇ ಕೊಟ್ಟಳು. ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮರ್ತ್ಯ ಸೇನ್ ಅವರಿಗೂ ಪ್ರಶ್ನೆ ಹತ್ತಿರದಿಂದಲೇ ಬಂದದ್ದು: 1943ರ ಬಂಗಾಳದ ಬರದಲ್ಲಿ ಬಾಗಿಲಿಗೆ ಬಂದ ಪ್ರತಿ ಮನೆಯವರಿಗೆ ಒಂದು ಸಿಗರೇಟ್ ಡಬ್ಬಿ ತುಂಬ ಅಕ್ಕಿ ಕೊಡಲಿಕ್ಕೆ ಅಜ್ಜ ಅನುಮತಿ ಕೊಟ್ಟಿದ್ದರಂತೆ. ಆಗ ಹುಡುಗನಿಗೆ ಒಂಬತ್ತು ವರ್ಷ. ಅಕ್ಕಿ ಇದ್ದೂ ಜನ ಯಾಕೆ ಸತ್ತರು ಅಂತ ಬರೆದ ಪುಸ್ತಕ ಬಂದದ್ದು 1981ರಲ್ಲಿ. ನಡುವಿನ ವರ್ಷ ನೀವೇ ಕಳೆದು ನೋಡಿ. ಡಬ್ಬಿ ಕೈಬಿಟ್ಟಿರಲಿಲ್ಲ.


ಲ್ಯಾಬಿನಲ್ಲಿದ್ದೇನೆ
ಸೋಮವಾರ, ರಾತ್ರಿ 11:30

ಅಂಕಲ್, ನಾನು ಮಣಿಪಾಲದಲ್ಲಿ ಪಿಎಚ್‌ಡಿ ನಾಲ್ಕನೇ ವರ್ಷ. ನಿಮ್ಮ ಹೆಸರು ನೋಡಿ ಬರೆಯದೆ ಇರ್ಲಿಕ್ಕೆ ಆಗಲಿಲ್ಲ, ಯಾಕಂದ್ರೆ ಕೊರೋನಾದ ಒಂದು ಬಗೆಯ ಲಸಿಕೆಯ ಹಿಂದಿನ ಕತೆ ಶುರುವಾದದ್ದೇ ಝೆರಾಕ್ಸ್ ಮಿಷನ್ ಹತ್ತಿರ.

ವಿಜ್ಞಾನಿ ಕಾಟಲಿನ್ ಕರಿಕೊ ಹಂಗೇರಿಯವರು, ಅಪ್ಪ ಮಾಂಸ ಕಡಿಯುವ ಕೆಲಸದವರು. 1985ರಲ್ಲಿ ಅಮೆರಿಕಕ್ಕೆ ಹೊರಟಾಗ ಇದ್ದ 900 ಪೌಂಡನ್ನು ಮಗಳ ಕರಡಿ ಗೊಂಬೆಯೊಳಗೆ ಹೊಲಿದು ತಂದರು. ಯಾವ ಪ್ರೋಟೀನು ಮಾಡಬೇಕು ಅಂತ ಜೀವಕೋಶಕ್ಕೆ ಹೇಳುವ ಅಣು ಎಂಆರ್‌ಎನ್‌ಎ. ಎಂಆರ್‌ಎನ್‌ಎಯಿಂದ ಔಷಧ ಮಾಡ್ತೇನೆ ಅಂದ್ರೆ ಯಾರೂ ಗ್ರಾಂಟ್ ಕೊಡಲಿಲ್ಲ. 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹುದ್ದೆಯನ್ನೇ ಕೆಳಗಿಳಿಸಿದರು. ಆಮೇಲೆ ಒಂದು ದಿನ ಜರ್ನಲ್ ಕಾಪಿ ತೆಗೀಲಿಕ್ಕೆ ಹೋದಾಗ ಅಲ್ಲಿಯದೇ ಇನ್ನೊಬ್ಬ ವಿಜ್ಞಾನಿ ಡ್ರೂ ವೈಸ್‌ಮನ್ ಸಿಕ್ಕಿದರು, ಮಿಷನ್ ಹತ್ತಿರವೇ ಮಾತು ಹತ್ತಿತು. ಎಂಆರ್‌ಎನ್‌ಎ ಕೊಟ್ಟರೆ ದೇಹ ಉರಿದೇಳುತ್ತಿತ್ತು. ಅದರೊಳಗಿನ ಯುರಿಡಿನ್ ಎಂಬ ತುಣುಕಿನ ಬದಲು ಅದನ್ನೇ ಹೋಲುವ ಸೂಡೋಯುರಿಡಿನ್ ಹಾಕಿದರೆ ಸುಮ್ಮನಾಗ್ತದೆ ಅಂತ ಇಬ್ಬರೂ 2005ರಲ್ಲಿ ಪ್ರಕಟಿಸಿದರು. ಮುಂದೆ ಆ ಲಸಿಕೆಗೆ ದಾರಿಯಾದದ್ದು ಇದೇ. ಆಗ ಫೋನ್ ಮೇಲೆ ಫೋನ್ ಬರ್ತದೆ ಅಂದುಕೊಂಡಿದ್ದರು. ಬರಲಿಲ್ಲ. ನೊಬೆಲ್ ಬಂದದ್ದು 2023ರಲ್ಲಿ. ಪ್ರತಿ ಅಕ್ಟೋಬರ್ ರೇಡಿಯೋ ಹಾಕಿ ಮಗಳ ಹೆಸರು ಬರ್ತದಾ ಅಂತ ಕೇಳುತ್ತಿದ್ದ ಅಮ್ಮ 2018ರಲ್ಲೇ ಹೋಗಿಬಿಟ್ಟಿದ್ದರು.

ನನಗೆ ನೊಬೆಲ್ ಗಿಬೆಲ್ ಬರ್ಲಿಕ್ಕಿಲ್ಲ, ಫೆಲೋಶಿಪ್ ದುಡ್ಡು ಬಂದ್ರೆ ಸಾಕಾಗಿದೆ. ಆದ್ರೂ ನೀವು ಕೇಳಿದ್ದಕ್ಕೆ ನನ್ನದನ್ನು ಹೇಳ್ತೇನೆ. ಕಳೆದ ವಾರ ಬ್ಲಾಟ್ ಅನ್ನುವ ಒಂದು ಲ್ಯಾಬ್ ಪರೀಕ್ಷೆಯಲ್ಲಿ ಇರಬಾರದ ಜಾಗದಲ್ಲಿ ಒಂದು ಗೆರೆ ಬಂತು. ತಪ್ಪಾಗಿರಬಹುದು, ನೂರಕ್ಕೆ ತೊಂಬತ್ತು ತಪ್ಪೇ. ಪುನಃ ಮಾಡಿದೆ, ಪುನಃ ಬಂತು. ನಾಳೆ ಬೆಳಿಗ್ಗೆ ಏಳಕ್ಕೆ ಮೂರನೇ ಸಲ. ಅಷ್ಟೇ ಅಂಕಲ್. ಅಲಾರಂ ಇಡುವುದು ಅದಕ್ಕೆ.


ಕಾವೂರು ಝೆರಾಕ್ಸ್
ಬುಧವಾರ, ಸಂಜೆ 7:10

ಎಲ್ಲರಿಗೂ ಉಪಕಾರ. ಲ್ಯಾಬಿನ ಮಗಾ, ಆ ಗೆರೆ ಮೂರನೇ ಸಲ ಬಂತಾ ಇಲ್ವಾ ಅಂತ ತಿಳಿಸು, ಮನೆಯಲ್ಲಿ ಕೇಳ್ತಾ ಇದ್ದಾಳೆ.

ನಿನ್ನೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ, ಮಗಳನ್ನೇ ಕೇಳಿದೆ, ನಿನಗೆ ಇದು ಹಿಡಿದದ್ದು ಯಾವಾಗ ಅಂತ. ಏಳನೇ ಕ್ಲಾಸಿನಲ್ಲಿ ಅಂದಳು, ಇಲ್ಲೇ. ಹಳೇ ಮಿಷನ್ ರಿಪೇರಿಗೆ ಬಂದವರನ್ನು, ಕಪ್ಪು ಪೌಡರ್ ಅಕ್ಷರಕ್ಕೆ ಮಾತ್ರ ಯಾಕೆ ಅಂಟ್ತದೆ, ಉಳಿದ ಹಾಳೆಗೆ ಯಾಕಿಲ್ಲ ಅಂತ ಕೇಳಿದ್ದಳಂತೆ. ಅವರು ಡ್ರಮ್ ಬಿಚ್ಚಿ ತೋರಿಸಿದರಂತೆ: ಡ್ರಮ್ಮಿಗೆ ಕರೆಂಟಿನ ಚಾರ್ಜ್ ಕೊಟ್ಟಿರ್ತದೆ, ಬೆಳಕು ಬಿದ್ದಲ್ಲಿ ಅದು ಹೋಗ್ತದೆ, ಅಕ್ಷರದ ನೆರಳಿದ್ದಲ್ಲಿ ಉಳೀತದೆ, ಪೌಡರ್ ಅಲ್ಲಿಗೇ ಓಡ್ತದೆ, ಮತ್ತೆ ಬಿಸಿ ಮಾಡಿ ಕರಗಿಸಿ ಅಂಟಿಸುವುದು. ಬೆಳಕು ಬಿದ್ದರೆ ಚಾರ್ಜ್ ಯಾಕೆ ಹೋಗಬೇಕು ಅಂತ ಕೇಳಿದ್ದಕ್ಕೆ ಅವರಿಗೆ ಗೊತ್ತಿರಲಿಲ್ಲ. ಪಿಯುಸಿ ಬುಕ್ಕಿನಲ್ಲಿ ಅರ್ಧ ಸಿಕ್ಕಿತಂತೆ, ಇನ್ನರ್ಧ ಸಿಕ್ಕಿಲ್ಲ.

ಆ ದಿನ ನಾನೂ ಅಲ್ಲೇ ಇದ್ದೆ ಮಾರಾಯ್ರೆ. ರಿಪೇರಿಯವರಿಗೆ ಚಾ ತರ್ಲಿಕ್ಕೆ ಹೋಗಿದ್ದೆ ಅಂತ ಕಾಣ್ತದೆ. 19 ವರ್ಷದಲ್ಲಿ ನನಗೆ ಆ ಪೌಡರಿನ ರೇಟು ಬಿಟ್ಟರೆ ಬೇರೆ ಎಂತದೂ ಗೊತ್ತಿರಲಿಲ್ಲ.

ಇವತ್ತು ಬಿಎಸ್ಸಿ ಅರ್ಜಿಗೆ ಮಾರ್ಕ್ಸ್ ಕಾರ್ಡ್, ಟಿಸಿ ಮೂರು ಮೂರು ಸೆಟ್ ತೆಗೆದೆ. ಭಾವನಿಗೆ ಇನ್ನೂ ಹೇಳಿಲ್ಲ. ಶುಕ್ರವಾರ ಊಟಕ್ಕೆ ಬರ್ತಾನೆ.