ನೋವು ನಿಂತ್ರೆ ಕಲ್ಲು ಹೋಯ್ತು ಅಂತಲ್ಲ ಕಣೇ ಸುಮಾ

ಸುಮಾ, ನಿನ್ನ ಮೆಸೇಜು ಬೆಳಗ್ಗೆನೇ ನೋಡ್ದೆ ಕಣೇ, ಕನ್ನಡಕ ಸಿಕ್ಕಿರ್ಲಿಲ್ಲ, ಆಮೇಲೆ ಹಾಲಿನವ್ನು ಬಂದ, ಗ್ಯಾಸಿನವ್ನು ಬಂದ, ಹಂಗೇ ಹನ್ನೊಂದಾಯ್ತು. ಟೈಪ್ ಮಾಡಕ್ಕೆ ನನ್ನ ಬೆರಳು ಬಗ್ಗಲ್ಲ, ಮೈಕ್ ಒತ್ತಿ ಮಾತಾಡಜ್ಜಿ ಅದೇ ಬರ್ಕೊಳ್ಳತ್ತೆ ಅಂತ ಮೊಮ್ಮಗ ಹೇಳ್ಕೊಟ್ಟಿದ್ದಾನೆ, ಎಲ್ಲಾದ್ರೂ ತಪ್ಪು ಬಿದ್ರೆ ನೀವೇ ತಿದ್ಕೊಂಡು ಓದಿ. ಅಳಿಯಂದ್ರಿಗೆ ಮೂರು ವರ್ಷದಲ್ಲಿ ಎರಡನೇ ಸಲ ಕಿಡ್ನೀಲಿ ಕಲ್ಲು, ಮೊನ್ನೆ ತಾನಾಗೇ ಬಿತ್ತು, ಡಾಕ್ಟ್ರು ಸಿರಪ್ ಕೊಟ್ಟಿದ್ದಾರೆ, ಈಗ ನೋವೇ ಇಲ್ಲವಲ್ಲ ಇನ್ನೂ ಕುಡೀಬೇಕಾ, ಹಾಲು ಮೊಸರು ಟೊಮೆಟೊ ಎಲ್ಲ ಬಿಡಿಸ್ಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಅದರ ಕೆಳಗೆ ನಮ್ಮ ಶಿವು ಬಾಳೆದಿಂಡಿನ ಫೋಟೋ ಹಾಕಿದ್ದಾನೆ, ಅವನ ಹೆಂಡ್ತಿ ಕಾಡುಬಸಳೆ ಎಲೆ ಅಂದಿದ್ದಾಳೆ, ಇನ್ನೊಬ್ರು ಬಿಯರ್ ಅಂದಿದ್ದಾರೆ, ಅದು ಯಾರು ಅಂತ ನಂಗೊತ್ತು, ಹೆಸ್ರು ಹೇಳಲ್ಲ.

ಎಲ್ಲರೂ ಸ್ವಲ್ಪ ಸುಮ್ನಿರಿ. ಈ ಮನೇಲಿ ಕಲ್ಲಿನ ವಿಷ್ಯದಲ್ಲಿ ನನ್ನಷ್ಟು ಅನುಭವಿಸಿದೋರು ಯಾರಿದ್ದೀರ ಹೇಳಿ.

ನಂಗೆ ಮೊದಲ್ನೇದು ಆಗಿದ್ದು 1998, ಮೇ ತಿಂಗಳು, ಪಾವಗಡದ ಕಡೆ ಹಳ್ಳಿ ಸ್ಕೂಲಲ್ಲಿದ್ದೆ, ಆ ಬಿಸ್ಲು ನಿಮ್ಗೆಲ್ಲ ಗೊತ್ತಲ್ಲ. ರಾತ್ರಿ ಎರಡು ಗಂಟೇಲಿ ಎಡಗಡೆ ಪಕ್ಕೆಲಿ ಶುರುವಾಗಿ ತೊಡೆ ಸಂದಿಗೆ ಇಳೀತು, ಎರಡು ಹೆರಿಗೆ ಆಗಿತ್ತು ನಂಗೆ, ಅದೇ ವಾಸಿ ಅನ್ನಿಸ್ತು. ಇಂಜೆಕ್ಷನ್ ಕೊಟ್ರು, ಹತ್ತು ದಿನಕ್ಕೆ ಬಿತ್ತು, ಕಡ್ಲೆಬೇಳೆ ಅಷ್ಟೂ ಇರ್ಲಿಲ್ಲ. ಆಗ ಡಾಕ್ಟ್ರು ಸರಿಯಾಗೇ ಹೇಳಿದ್ರು, ಅವರದ್ದೇನೂ ತಪ್ಪಿಲ್ಲ. ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗ್ಬೇಕಮ್ಮ, ಕುಡಿಯೋ ಲೆಕ್ಕ ಅಲ್ಲ, ಹೋಗೋ ಲೆಕ್ಕ ಇಟ್ಕೊ, ನಿಮ್ಮೂರ ಬೆವರಿಗೆ ಮೂರು ಮೂರೂವರೆ ಲೀಟರು ಕುಡಿದ್ರೂ ಸಾಲ್ದು, ಉಪ್ಪು ಕಮ್ಮಿ ಮಾಡು, ಸಿರಪ್ಪು ಊಟ ಆದ್ಮೇಲೆ ಒಂದು ಲೋಟ ನೀರಿಗೆ ಹಾಕ್ಕೊಂಡು ಕುಡಿ, ಆರು ತಿಂಗ್ಳಿಗೆ ಸ್ಕ್ಯಾನಿಂಗಿಗೆ ಬಾ ಅಂತ. ನಾನೇನ್ ಮಾಡ್ದೆ, ಒಂದು ಬಾಟ್ಲು ಮುಗೀತು, ನೋವಿಲ್ಲ, ಎರಡನೇ ಬಾಟ್ಲು ತರ್ಲೇ ಇಲ್ಲ. ಸ್ಕೂಲಲ್ಲಿ ನಮ್ಮ ಜೊತೆ ಮೇಡಮ್ಮೊಬ್ರು, ಕಲ್ಲು ಅಂದ್ರೆ ಕ್ಯಾಲ್ಸಿಯಂ ಅಲ್ವೇನ್ರಿ, ಹಾಲು ಮೊಸರು ರಾಗಿ ಮುಟ್ಟಬೇಡಿ ಅಂದ್ರು. ಸರಿ, ಮಜ್ಜಿಗೆನೂ ಬಿಟ್ಟೆ. ಸೊಪ್ಪು ಒಳ್ಳೇದು ಅಂದ್ರು, ದಿನಾ ಪಾಲಕ್ಕು, ದಂಟು, ಬಸಳೆ, ಹಿತ್ಲಲ್ಲೇ ಬೆಳೀತಿತ್ತು, ಮೂರು ಹೊತ್ತೂ ಸೊಪ್ಪಿನ ಸಾರು. ಉಲ್ಟಾ ಕಣೇ! ಪೂರ್ತಿ ಉಲ್ಟಾ ಮಾಡ್ಕೊಂಡಿದ್ದೆ, ಅದು ತಿಳಿಯೋ ಹೊತ್ತಿಗೆ ಒಂದು ಕಿಡ್ನಿ ಹೋಗಿತ್ತು.

2001ರಲ್ಲಿ ಜನಗಣತಿ ಡ್ಯೂಟಿ ಬಂತು ನಮಗೆಲ್ಲ, ಫೆಬ್ರವರಿ 9ರಿಂದ 28ರ ತನಕ, ಮನೆ ಮನೆ ಸುತ್ತಬೇಕು. ಆ ಊರಲ್ಲಿ ಹೆಂಗಸ್ರು ಒಂದಕ್ಕೆ ಹೋಗ್ಬೇಕು ಅಂದ್ರೆ ಬೇಲಿ ಹಿಂದೆನೇ ಗತಿ, ಅದಕ್ಕೇ ಬೆಳಗ್ಗೆ ಅರ್ಧ ಲೋಟ ಕಾಫಿ ಕುಡಿದು ಹೊರಟ್ರೆ ಸಾಯಂಕಾಲದ ತನಕ ಒಂದು ಹನಿ ನೀರು ಕುಡೀತಿರ್ಲಿಲ್ಲ ನಾನು. ಯಾರ ಮನೆಗೆ ಹೋದ್ರೂ ಬನ್ನಿ ಮೇಡಮ್ಮು ಅಂತ ನೀರು ಕೊಡೋರು, ಕುಡಿದಂಗೆ ಮಾಡಿ ಲೋಟ ಕೆಳಗಿಡ್ತಿದ್ದೆ. ಮೂತ್ರ ಅರಿಶಿನದ ನೀರಿನ ಥರ ಆಗಿತ್ತು, ಉರಿ ಬೇರೆ. ಮಾರ್ಚ್ ಮೊದಲ್ನೇ ವಾರ ಮತ್ತೆ ಅದೇ ನೋವು ಬಂತು. ಎರಡು ದಿನ ಬಾಳೆದಿಂಡಿನ ರಸ, ಹುರುಳಿಕಟ್ಟು, ಕುಡಿದೆ ಕುಡಿದೆ, ಮೂರನೇ ದಿನ ನೋವು ಮಾಯ. ಆಹಾ ಕರಗೋಯ್ತು ಅಂದ್ಕೊಂಡೆ. ಊರೆಲ್ಲ ಹೇಳ್ಕೊಂಡು ಬಂದೆ, ನಂದು ಬಾಳೆದಿಂಡಲ್ಲೇ ಹೋಯ್ತು ಅಂತ, ನನ್ನ ಮಾತು ಕೇಳಿ ಇನ್ನೆಷ್ಟು ಜನ ಸ್ಕ್ಯಾನ್ ಮಾಡಿಸ್ದೇ ಕೂತ್ರೋ ದೇವ್ರಿಗೇ ಗೊತ್ತು.

ಕಲ್ಲು ಹೋಗಿರ್ಲಿಲ್ಲ. ಕಿಡ್ನಿಯಿಂದ ಮೂತ್ರ ಇಳಿಯೋ ನಳಿಗೇಲಿ ಸಿಕ್ಕಾಕ್ಕೊಂಡು ಕೂತಿತ್ತು. ಸಿಕ್ಕಾಕ್ಕೊಂಡು ದಿನ ಕಳೆದ್ರೆ ನೋವು ಕಮ್ಮಿ ಆಗಿಬಿಡತ್ತಂತೆ, ಮೂತ್ರ ಇಳೀದೆ ಮೇಲೆ ಕಿಡ್ನಿ ಊದ್ಕೊಳ್ತಾ ಇರತ್ತೆ, ನಮಗೆ ಗೊತ್ತೇ ಆಗಲ್ಲ. ಏಳು ತಿಂಗ್ಳು ಹಂಗೇ ಓಡಾಡ್ಕೊಂಡಿದ್ದೆ, ಸ್ವಲ್ಪ ಸುಸ್ತು, ಬೆನ್ನು ಭಾರ, ವಯಸ್ಸಾಯ್ತು ಅಂದ್ಕೊಂಡೆ. ಅಕ್ಟೋಬರಲ್ಲಿ ಆಯುಧಪೂಜೆ ಹಿಂದಿನ ದಿನ ಚಳಿಜ್ವರ ಬಂತು ನೋಡು, ಮೂರು ಕಂಬ್ಳಿ ಹೊದ್ರೂ ಹಲ್ಲು ಕಟಕಟ. ಬೆಂಗಳೂರಿಗೆ ಕರ್ಕೊಂಡೋದ್ರು, ಬೆನ್ನಿಗೆ ತೂತು ಮಾಡಿ ನಳಿಗೆ ಹಾಕಿ ಕೀವು ತೆಗೆದ್ರು, ಅದಾದ್ಮೇಲೆ ಕಲ್ಲು ತೆಗೆದ್ರು, ಮೂತ್ರ ಸರಾಗ ಇಳೀಲಿ ಅಂತ ಒಳಗೆ ಸ್ಟೆಂಟು ಅಂತ ಸಣ್ಣ ಕೊಳವೆ ಇಟ್ರು, ಒಂದೂವರೆ ತಿಂಗ್ಳಿಗೆ ಅದನ್ನೂ ತೆಗೆದ್ರು. ಕೊನೇಲಿ ಸ್ಕ್ಯಾನ್ ಮಾಡಿ ಹೇಳಿದ್ರು, ಎಡಗಡೇದು ನೂರಕ್ಕೆ 18 ಕೆಲ್ಸ ಮಾಡ್ತಿದೆ ಅಂತ. ಆ ಹದಿನೆಂಟು ಇಪ್ಪತ್ತಕ್ಕೆ ಬರ್ಲೇ ಇಲ್ಲ.

ಅದಕ್ಕೇ ಹೇಳ್ತಿರೋದು, ನೋವು ನಿಂತ್ರೆ ಕಲ್ಲು ಹೋಯ್ತು ಅಂತಲ್ಲ. ಬಿದ್ದಿದ್ದು ಕಣ್ಣಾರೆ ನೋಡಿದ್ರೂ ಒಳಗೆ ಇನ್ನೊಂದು ಇಲ್ಲ ಅಂತೇನು ಗ್ಯಾರಂಟಿ. ಒಂದು ಸ್ಕ್ಯಾನ್ ಮಾಡಿಸ್ಲೇಬೇಕು.

ಈಗ ಹಾಲು ಮೊಸರಿಗೆ ಬರ್ತೀನಿ. ಬಿಡಿಸ್ಬೇಡ. ಸೊಪ್ಪಲ್ಲಿ ಆಕ್ಸಲೇಟ್ ಅಂತ ಇರತ್ತೆ, ಪಾಲಕ್ಕು, ದಂಟು, ಬಸಳೆ, ಕೆಸುವಿನೆಲೆ, ಬೀಟ್‌ರೂಟು, ಬಾದಾಮಿ ಗೋಡಂಬಿ, ಇವುಗಳಲ್ಲಿ ಜಾಸ್ತಿ. ಜೊತೇಲಿ ಮೊಸರು ಉಂಡ್ರೆ ಮೊಸರಿನ ಕ್ಯಾಲ್ಸಿಯಂ ಅದನ್ನ ಹೊಟ್ಟೇಲೇ ಹಿಡ್ಕೊಂಡು ಎರಡಕ್ಕೆ ಹೋಗುವಾಗ ಆಚೆ ಹಾಕತ್ತೆ. ಮೊಸರೇ ಇಲ್ದಿದ್ರೆ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಹೋಗಿ ಕಿಡ್ನಿಗೆ ಇಳಿದು ಅಲ್ಲಿರೋ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗತ್ತೆ. ನಾನು ಮೂರು ವರ್ಷ ಇದನ್ನೇ ಶ್ರದ್ಧೆಯಿಂದ ಮಾಡಿದ್ದು. ಇಟಲೀಲಿ 120 ಜನ ಗಂಡಸ್ರನ್ನ, ಮತ್ತೆ ಮತ್ತೆ ಕಲ್ಲಾಗೋರನ್ನೇ, ಐದು ವರ್ಷ ನೋಡಿದ್ರಂತೆ, 2002ರಲ್ಲಿ ಬಂತು ಅದು, ನಮ್ಮ ಈಗಿನ ಡಾಕ್ಟ್ರು ನಾನು ಮೇಷ್ಟ್ರು ಅಂತ ಗೊತ್ತಾದ್ಮೇಲೆ ಚೀಟಿ ಹಿಂದೆ ಬರ್ದು ತೋರ್ಸಿದ್ರು. ಹಾಲು ಮೊಸರು ಕಮ್ಮಿ ಮಾಡಿದ 60 ಜನದಲ್ಲಿ 23 ಜನಕ್ಕೆ ಮತ್ತೆ ಕಲ್ಲು, ಹಾಲು ಮೊಸರು ಮಾಮೂಲಿ ತಿಂದು ಉಪ್ಪು ಮಾಂಸ ಕಮ್ಮಿ ಮಾಡಿದ 60 ಜನದಲ್ಲಿ 12 ಜನಕ್ಕೆ ಮಾತ್ರ. ಅರ್ಧಕ್ಕರ್ಧ. ಹಾಗಂತ ಕ್ಯಾಲ್ಸಿಯಂ ಮಾತ್ರೆ ತಗೊಂಡು ನುಂಗೋದಲ್ಲ ಮತ್ತೆ, ಊಟದ ಜೊತೆ ಒಂದು ಬಟ್ಲು ಮೊಸರು ಅಂತ. ಟೊಮೆಟೊ ಪಾಪ, ಅದರ ಬೀಜಕ್ಕೂ ಕಲ್ಲಿಗೂ ಏನೂ ಸಂಬಂಧ ಇಲ್ಲ, ಸಾರಿಗೆ ಹಾಕು.

ಉಪ್ಪು ಹಂಗಲ್ಲ, ಅದೇ ಕಳ್ಳ. ಉಪ್ಪು ಜಾಸ್ತಿ ಆದ್ರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗತ್ತೆ. ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚದಷ್ಟೇ, ಎಲ್ಲ ಸೇರಿ, ಸಾರಲ್ಲಿರೋದೂ ಸೇರಿ. ಅಳಿಯಂದ್ರು ನಮ್ಮನೆಗೆ ಬಂದಾಗ ನೋಡಿದ್ದೀನಲ್ಲ, ಉಪ್ಪಿನಕಾಯಿ ಜಾಡಿ ಎಲೆ ಪಕ್ಕದಲ್ಲೇ ಇರ್ಬೇಕು, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಸಂಜೆ ಮಿಕ್ಸ್ಚರ್ ಪೊಟ್ಟಣ. ಬಳ್ಳಾರಿ ಬಿಸಿಲಲ್ಲಿ ದಿನವಿಡೀ ಬೈಕಲ್ಲಿ ಸುತ್ತೋ ಕೆಲ್ಸ, ಗಂಡಸ್ರಿಗೆ ಒಂದಕ್ಕೆ ಹೋಗೋಕೇನು ದಾರಿ ತುಂಬ ಮರ ಇದೆ, ನೀರು ಕುಡಿಯೋಕೇನು ಕಷ್ಟ ಅಂತೀನಿ.

ನಮ್ಮ ಕಾಲ ಹಂಗಿರ್ಲಿಲ್ಲ ಬಿಡು. ಆ ಸ್ಕೂಲಲ್ಲಿ ಹನ್ನೊಂದು ವರ್ಷ ಇದ್ದೆ, ಒಂದು ಟಾಯ್ಲೆಟ್ ಇತ್ತು, ಬೀಗ ಹಾಕಿರೋರು, ಬೀಗದ ಕೈ ಹೆಡ್ ಮೇಷ್ಟ್ರ ಜೇಬಲ್ಲಿ, ಕೇಳೋಕೆ ನಾಚಿಕೆ. ಮಕ್ಕಳ ಪಾಡಂತೂ ಕೇಳ್ಬೇಡ. ಇನ್ನು ಮನೆಯವ್ರು. ಸುಮಾ, ಇದು ನಿಮ್ಮಮ್ಮನೂ ಓದ್ತಾಳೆ, ಓದ್ಲಿ. ನಾನು ಆಸ್ಪತ್ರೇಲಿ ಬೆನ್ನಿಗೆ ನಳಿಗೆ ಹಾಕ್ಕೊಂಡು ಮಲಗಿದ್ರೆ, ಹಬ್ಬದ ದಿನ ಅಡುಗೆ ತಪ್ಪಿಸ್ಕೊಳ್ಳೋಕೆ ಅಕ್ಕ ನಾಟಕ ಮಾಡ್ಕೊಂಡು ಹೋದ್ಲು ಅಂತ ಲಲಿತ ಅಂದಿದ್ದು ನನ್ನ ಕಿವಿಗೆ ಬಂತು. ಯಾರು ಹೇಳಿದ್ರು ಅಂತ ಕೇಳ್ಬೇಡ. ಹದಿನಾರು ದಿನ ಇದ್ದೆ ನಾನು ಅಲ್ಲಿ, ಬಂದೋರು ಮೂರು ಜನ, ಅದರಲ್ಲಿ ಒಬ್ಬ ದಾರಿ ತಪ್ಪಿ ಬೇರೆ ವಾರ್ಡಿಗೆ ಹಣ್ಣು ಕೊಟ್ಟು ಹೋದ. ಈಗ ನಾವಿಬ್ರೂ ಚೆನ್ನಾಗಿದ್ದೀವಿ, ಮೊನ್ನೆನೂ ಅವಳೇ ಹೋಳಿಗೆ ಕಳ್ಸಿದ್ಲು, ಆದ್ರೆ ಮಾತು ಮಾತೇ ಅಲ್ವಾ.

ಆಸ್ಪತ್ರೆ ಬಿಲ್ಲಿನದ್ದು ಇನ್ನೊಂದು ಕತೆ. ರೀಯಂಬರ್ಸ್‌ಮೆಂಟಿಗೆ ಹಾಕಿದ್ರೆ ಆಫೀಸಿಂದ ಮೂರು ಸಲ ಆಕ್ಷೇಪಣೆ ಹಾಕಿ ವಾಪಸ್ಸು, ಒಂದ್ಸಲ ಸೀಲು ಇಲ್ಲ, ಒಂದ್ಸಲ ಸೀಲು ತಲೆಕೆಳಗು, ಮೂರನೇ ಸಲ ಕಲ್ಲಿನ ಪರೀಕ್ಷೆಗೆ 400 ರೂಪಾಯಿ ಯಾಕೆ ಅಂತ. ಯಾಕೆ ಅಂದ್ರೆ! ನಿಮ್ಮ ದೊಡ್ಡಪ್ಪ ಚಪ್ಪಲಿ ಸವೆಸಿದ್ರು. ಆ ಫೈಲು ಇವತ್ತಿಗೂ ಬೀರುವಿನಲ್ಲಿದೆ, ಎಕ್ಸ್‌ರೇ, ಬಿಲ್ಲು, ಕಲ್ಲಿನ ರಿಪೋರ್ಟು...

ಅಯ್ಯೋ! ಕಲ್ಲು! ಸುಮಾ, ಕಲ್ಲು ಎಲ್ಲಿ? ಬಿತ್ತು ಅಂತ ಬರ್ದಿದ್ದೀಯಲ್ಲ, ಎತ್ತಿಟ್ಟಿದ್ದೀರಾ ಇಲ್ವಾ? ಇದನ್ನೇ ಮೊದ್ಲು ಕೇಳ್ಬೇಕಿತ್ತು, ಇಷ್ಟೊತ್ತು ಏನೇನೋ ಮಾತಾಡ್ದೆ. ಎಸೆದಿಲ್ಲ ಅಂದ್ರೆ ತೊಳೆದು ಒಣಗಿಸಿ ಒಂದು ಸಣ್ಣ ಡಬ್ಬಿಗೆ ಹಾಕಿ ಲ್ಯಾಬಿಗೆ ಕೊಡಿ, ಅದೇನು ಕಲ್ಲು ಅಂತ ಗೊತ್ತಾಗ್ಬೇಕು. ನಾನು ಮೊದಲ್ನೇದನ್ನ ಬಚ್ಚಲಿಗೆ ಎಸೆದೆ. ಎರಡನೇದು ಪರೀಕ್ಷೆ ಆದ್ಮೇಲೇ ನಂದು ಕ್ಯಾಲ್ಸಿಯಂ ಆಕ್ಸಲೇಟ್ ಅಂತ ತಿಳಿದಿದ್ದು, ಜಾಸ್ತಿ ಜನಕ್ಕೆ ಆಗೋದು ಅದೇ. ನಿಮ್ಮ ಚಿಕ್ಕಪ್ಪಂದು ಯೂರಿಕ್ ಆಸಿಡ್ ಕಲ್ಲು, ಒಂದೇ ಮನೆ ಒಂದೇ ಸಾರು, ಕಲ್ಲು ಬೇರೆ. ಅದು ಮಾಮೂಲಿ ಎಕ್ಸ್‌ರೇಲಿ ಕಾಣಲ್ಲ, ಆದ್ರೆ ಸಿರಪ್ಪು ಸರಿಯಾಗಿ ಕುಡಿದ್ರೆ ಮೂತ್ರದ ಹುಳಿ ಕಮ್ಮಿಯಾಗಿ ಕರಗೋದು ಹೆಚ್ಚಾಗಿ ಅದೇ. ಅವರಿಗೆ ಮಟನ್ನು, ತಲೆಕಾಲು, ಲಿವರ್ರು ಕಮ್ಮಿ ಮಾಡಿಸಿ ಯೂರಿಕ್ ಆಸಿಡ್ ಇಳಿಸೋ ಅಲೋಪ್ಯೂರಿನಾಲ್ ಮಾತ್ರೆ ಕೊಟ್ಟಿದ್ದಾರೆ, ನಂಗೆ ಅದು ಕೊಟ್ಟಿಲ್ಲ. ಆದ್ರಿಂದ ಅವರ ಚೀಟಿ ಇವರು, ಇವರ ಚೀಟಿ ಅವರು ತೋರ್ಸಿ ಮೆಡಿಕಲ್ ಸ್ಟೋರಲ್ಲಿ ತರ್ಬೇಡಿ.

ಇನ್ನೊಂದು, ಎರಡನೇ ಸಲ ಆಗಿದೆ ಅಂದ್ಮೇಲೆ 24 ಗಂಟೆ ಮೂತ್ರದ ಪರೀಕ್ಷೆ ಮಾಡ್ತೀರಾ ಅಂತ ಡಾಕ್ಟ್ರನ್ನ ಕೇಳು. ಭಾನುವಾರ ಇಟ್ಕೊಳ್ಳಿ. ಬೆಳಗ್ಗೆ ಎದ್ದ ತಕ್ಷಣ ಹೋಗೋದನ್ನ ಕ್ಯಾನಿಗೆ ಹಿಡೀಬಾರ್ದು, ಅಲ್ಲಿಂದ ಟೈಮ್ ಶುರು, ಆಮೇಲಿನದ್ದೆಲ್ಲ ಹಿಡೀಬೇಕು, ಸೋಮವಾರ ಬೆಳಗ್ಗೆ ಎದ್ದಾಗಿಂದೂ ಸೇರಿಸಿ. ಪರೀಕ್ಷೆ ಅಂತ ಅವತ್ತು ಒಂದು ದಿನ ಸಾಚಾ ಆಗಿ ಕೊಡಗಟ್ಲೆ ನೀರು ಕುಡಿಯೋದಲ್ಲ, ದಿನಾ ಹೆಂಗೆ ತಿಂತಾರೋ ಕುಡೀತಾರೋ ಹಂಗೇ ಇರ್ಲಿ, ಇಲ್ದಿದ್ರೆ ರಿಪೋರ್ಟು ಸುಳ್ಳು ಹೇಳತ್ತೆ.

ಸಿರಪ್ಪು ನೀನಾಗೇ ನಿಲ್ಲಿಸ್ಬೇಡ, ಎಷ್ಟು ದಿನ ಅಂತ ಈ ಪರೀಕ್ಷೆ ನೋಡಿ ಅವರೇ ಹೇಳ್ಲಿ. ಅದರಲ್ಲಿರೋದು ಪೊಟ್ಯಾಸಿಯಂ ಸಿಟ್ರೇಟು, ಬರೀ ಹೊಟ್ಟೇಲಿ ಕುಡಿದ್ರೆ ಉರಿ, ಊಟ ಆದ್ಮೇಲೆ ನೀರಿಗೆ ಬೆರೆಸೇ ಕುಡೀಬೇಕು. ಅಳಿಯಂದ್ರು ಬಿಪಿಗೆ ಟೆಲ್ಮಿಸಾರ್ಟಾನ್ ತಗೋತಾರಲ್ಲ, ಅದೂ ಪೊಟ್ಯಾಸಿಯಂ ಏರಿಸೋದೇ, ಎರಡೂ ಸೇರಿದಾಗ ರಕ್ತದಲ್ಲಿ ಪೊಟ್ಯಾಸಿಯಂ ನೋಡಿಸ್ತಿರ್ಬೇಕು, ಬಿಪಿ ಮಾತ್ರೆ ವಿಷ್ಯ ಈ ಡಾಕ್ಟ್ರಿಗೆ ಹೇಳಿದ್ದೀರೋ ಇಲ್ವೋ ಇವತ್ತೇ ಕೇಳು. ಕೊರೋನಾದಲ್ಲಿ ಶುರು ಮಾಡಿದ ವಿಟಮಿನ್ ಸಿ ಮಾತ್ರೆ ಇನ್ನೂ ಚಾಕ್ಲೇಟ್ ಥರ ಚೀಪ್ತಿದ್ರೆ ಅದನ್ನೂ ಹೇಳಿ, ಅದು ಜಾಸ್ತಿ ಆದ್ರೆ ಮೈಯಲ್ಲಿ ಆಕ್ಸಲೇಟ್ ಆಗತ್ತೆ. ನಿಂಬೆಹಣ್ಣಿನ ನೀರು ಕುಡೀಲಿ, ಒಳ್ಳೇದು, ಸಕ್ಕರೆ ಉಪ್ಪು ಹಾಕ್ಬೇಡ. ಶಿವು, ನಿನ್ನ ಬಾಳೆದಿಂಡು ಪಲ್ಯ ಮಾಡ್ಕೊಂಡು ತಿನ್ನಿ, ಬೇಡ ಅನ್ನಲ್ಲ, ಸ್ಕ್ಯಾನಿಂಗ್ ಬದಲು ಅಂತ ಮಾತ್ರ ಕೊಡ್ಬೇಡ.

ರಾತ್ರಿ ಮಲಗೋಕೆ ಮುಂಚೆ ಒಂದು ದೊಡ್ಡ ಲೋಟ ನೀರು, ಮಧ್ಯರಾತ್ರಿ ಒಂದ್ಸಲ ಎದ್ದು ಹೋಗೋ ಹಂಗಿರ್ಬೇಕು. ಚಳಿಜ್ವರ ಬಂದ್ರೆ, ಇಲ್ಲ ಮೂತ್ರ ಕಟ್ಟಿದ್ರೆ, ಈ ಗ್ರೂಪಲ್ಲಿ ಕೇಳ್ತಾ ಕೂರ್ಬೇಡ, ಗಾಡಿ ಹತ್ತಿ ಆಸ್ಪತ್ರೆಗೆ ಹೋಗಿ.

ಕುಕ್ಕರ್ ಮೂರು ಕೂಗಿತು, ಇಡ್ತೀನಿ. ಆ ಕಲ್ಲು ಕಾಗದದಲ್ಲಿ ಸುತ್ತಿ ಎಲ್ಲಿಟ್ಟಿದ್ದಾರೆ ಅಂತ ಈಗ್ಲೇ ಫೋನ್ ಮಾಡಿ ಕೇಳು, ಕೆಲಸದವಳು ಕಸ ಗುಡಿಸೋಕೆ ಮುಂಚೆ.