ಪದಚರ್ಚೆ: ಕಪಾಟಿನ ಹಳೆಯ ಬಾಗಿಲಿಗೆ ಹೊಸ ಮೈ ಕೊಡುವ ಕೆಲಸಕ್ಕೆ ಏನೆನ್ನಬೇಕು?

ಮಾನ್ಯರೇ,

ನನ್ನ ತಮ್ಮ ಶಿರಸಿಯಲ್ಲಿ ಮರಗೆಲಸದ ಅಂಗಡಿ ತೆರೆಯುತ್ತಿದ್ದಾನೆ. ಹೊಸ ಕಪಾಟುಗಳನ್ನು ಅವನು ಮಾಡುವುದಿಲ್ಲ. ಅಡುಗೆಮನೆಯಲ್ಲಿ ಈಗಾಗಲೇ ಇರುವ ಕಪಾಟಿನ ಬಾಗಿಲುಗಳನ್ನು ಬಿಚ್ಚಿ ತಂದು, ಅಂಚಿನಲ್ಲಿ ಎದ್ದುಬಂದ ಮೈಕಾವನ್ನು ಕಿತ್ತು, ಅದರ ಜಾಗದಲ್ಲಿ ಬೆತ್ತದ ಹೆಣಿಗೆ, ಬಿದಿರಿನ ಚಾಪೆ, ತಾಮ್ರದ ತಗಡು ಅಥವಾ ಕೈಮಗ್ಗದ ಬಟ್ಟೆಯನ್ನು ಕೂರಿಸಿ, ಅದೇ ಬಾಗಿಲನ್ನು ಅದೇ ಬಿಜಾಗರಿಗೆ ಮರಳಿ ಜೋಡಿಸಿ ಕೊಡುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ರೀಫೇಸಿಂಗ್ ಎನ್ನುತ್ತಾರೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮವಂತೂ ಇದೆ, ಆದರೆ ಉಚ್ಚಾರವನ್ನಷ್ಟೇ ಕನ್ನಡ ಲಿಪಿಗೆ ಇಳಿಸಿ ನಿಯಮ ಪಾಲಿಸಿದೆವೆನ್ನಲು ನನಗೆ ಮನಸ್ಸಿಲ್ಲ. ‘ನವೀಕರಣ’ ಎಂದರೆ ಪರವಾನಗಿಯ ನೆನಪಾಗುತ್ತದೆ. ‘ಮರುಮುಖೀಕರಣ’ ಮತ್ತು ‘ಪರ್ಯಾಯ ಸಾಮಗ್ರಿ’ ಎಂದು ಬರೆದಿಟ್ಟಿದ್ದೇನೆ. ಫಲಕ ಬರೆಯುವವರು ನಾಳೆ ಮಧ್ಯಾಹ್ನ ಬರುತ್ತಾರೆ. ದಯವಿಟ್ಟು ಬೇಗ ತಿಳಿಸಿ.

ಕುಮಟಾದಿಂದ:

‘ಮರುಮುಖೀಕರಣ’ ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಅರಿಸಮಾಸ. ಅದನ್ನು ಬಿಡಿ. ‘ಪರ್ಯಾಯ’ವೂ ಇಲ್ಲಿ ಸಲ್ಲದು, ಏಕೆಂದರೆ ಅದರ ಮೂಲಾರ್ಥ ಸರದಿ; ಉಡುಪಿಯ ಎಂಟು ಮಠಗಳು ಎರಡೆರಡು ವರ್ಷಕ್ಕೊಮ್ಮೆ ಪೂಜೆಯ ಅಧಿಕಾರವನ್ನು ಹಸ್ತಾಂತರಿಸುವುದೇ ಪರ್ಯಾಯ. ತಾಮ್ರವೂ ಬೆತ್ತವೂ ಸರದಿಯಲ್ಲಿ ನಿಂತಿಲ್ಲ. ಇನ್ನು ‘ಕಪಾಟಿನ ಬಾಗಿಲು’ ಎಂಬುದೇ ತಪ್ಪು. ಸಂಸ್ಕೃತದಲ್ಲಿ ‘ಕಪಾಟ’ವೆಂದರೆ ಬಾಗಿಲಿನ ಹಲಗೆ, ನೀವು ಬರೆದಿರುವುದು ‘ಬಾಗಿಲಿನ ಬಾಗಿಲು’ ಎಂದಾಯಿತು. ಅಚ್ಚಗನ್ನಡದಲ್ಲಿ ‘ಬಾಗಿಲು’ ಮನೆಯ ಬಾಯಿ, ತೆರೆದಿರುವ ಜಾಗ; ಅದನ್ನು ಮುಚ್ಚುವ ಹಲಗೆ ‘ಕದ’. ತಮಿಳಿನ ‘ಕದವು’, ಮಲಯಾಳದ ‘ಕದಕು’ ಇಂದಿಗೂ ದಿನಬಳಕೆಯಲ್ಲಿವೆ, ಕಳೆದುಕೊಳ್ಳುತ್ತಿರುವವರು ನಾವು. ‘ಮೈಕಾ’ಕ್ಕೆ ‘ಅಭ್ರಕ’ವೆಂಬ ಶಬ್ದ ಇದ್ದೇ ಇದೆ, ಅದನ್ನು ಬಳಸಿ.

ಕಾರವಾರದಿಂದ:

‘ಕದ’ದ ಬಗ್ಗೆ ಕುಮಟಾದವರ ಮಾತನ್ನು ಒಪ್ಪುತ್ತೇನೆ. ಅಭ್ರಕದ ಮಾತನ್ನು ಒಪ್ಪಲಾರೆ. ಅಂಗಡಿಯಲ್ಲಿ ಮೈಕಾ ಎಂದು ಮಾರುವ ಎಂಟಡಿ ಉದ್ದ, ನಾಲ್ಕಡಿ ಅಗಲದ ಹಾಳೆಯಲ್ಲಿ ಅಭ್ರಕವಿಲ್ಲ. ಕಂದು ಕಾಗದದ ಪದರಗಳನ್ನು ಫಿನಾಲಿಕ್ ರಾಳದಲ್ಲಿ ತೋಯಿಸಿ, ಮೇಲೊಂದು ಚಿತ್ತಾರದ ಕಾಗದವನ್ನು ಮೆಲಮೈನ್ ರಾಳದೊಂದಿಗೆ ಇರಿಸಿ, ಬಿಸಿ ಮತ್ತು ಒತ್ತಡದಲ್ಲಿ ಒಂದಾಗಿಸಿದ ಹಾಳೆ ಅದು. ಅಮೆರಿಕದ ಸಿನ್ಸಿನಾಟಿಯಲ್ಲಿ 1913ರಲ್ಲಿ ಆರಂಭವಾದ ಕಂಪನಿಯೊಂದು ವಿದ್ಯುತ್ ನಿರೋಧಕವಾಗಿ ಅಭ್ರಕದ ಬದಲಿಗೆ ಬಳಸಲು ಇಂಥ ವಸ್ತುವನ್ನು ತಯಾರಿಸಿತು. ಇಂಗ್ಲಿಷಿನ ‘ಫಾರ್ ಮೈಕಾ’, ಅಂದರೆ ‘ಅಭ್ರಕದ ಬದಲಿಗೆ’ ಎಂಬ ಅರ್ಥದಿಂದಲೇ ಫಾರ್ಮೈಕಾ ಎಂಬ ಹೆಸರು ಬಂತು. ಅಂದರೆ ‘ಅಭ್ರಕ’ವೆಂದು ಅನುವಾದಿಸಿದರೆ ಆ ವಸ್ತು ಯಾವುದು ಅಲ್ಲವೋ ಅದನ್ನೇ ಹೆಸರಾಗಿ ಕೊಟ್ಟಂತಾಗುತ್ತದೆ. ನಮ್ಮ ಬಡಗಿಗಳು ಹೇಳುವ ‘ಮೈಕಾ’ ಇಂದು ಆ ಹಾಳೆಗೆ ಮಾತ್ರ ಸಲ್ಲುವ, ಗೊಂದಲವಿಲ್ಲದ ಕನ್ನಡ ಪದ.

ಎರವಲು ಎಂದೊಡನೆ ಮುಖ ಸಿಂಡರಿಸುವವರು ಕಾಳಿ ನದಿಯ ಈಚೆ ಒಂದು ದಿನ ಕಳೆಯಬೇಕು. ಅಲಮಾರು, ಚಾವಿ, ಮೇಸ್ತ್ರಿ ಮೂರೂ ಪೋರ್ಚುಗೀಸಿನಿಂದ ಬಂದವು. ಮೇಸ್ತ್ರಿಯನ್ನು ಕರೆದು ಅಲಮಾರಿನ ಚಾವಿ ಕೊಡುವ ಅಜ್ಜಿಗೆ ತಾನು ಪರಭಾಷೆ ಆಡುತ್ತಿದ್ದೇನೆ ಎನ್ನಿಸುವುದಿಲ್ಲ, ಅನ್ನಿಸಬೇಕಾಗಿಯೂ ಇಲ್ಲ. ‘ಕಪಾಟು’ ಕನ್ನಡದಲ್ಲಿ ಪೆಟ್ಟಿಗೆಯಾಗಿ ನೆಲೆಸಿದೆ, ಹಲಗೆಯ ಅರ್ಥ ‘ಕವಾಟ’ವಾಗಿ ಹೃದಯದಲ್ಲಿ ಉಳಿದಿದೆ. ಹಾಗಾಗಿ ಕಪಾಟಿನ ಕದ ಎನ್ನುವುದರಲ್ಲಿ ದೋಷವಿಲ್ಲ.

ಸಿದ್ದಾಪುರದಿಂದ:

ಇಷ್ಟೆಲ್ಲ ಚರ್ಚೆಯಾದರೂ ಕೇಳಿದವರಿಗೆ ಕ್ರಿಯಾಪದ ಸಿಕ್ಕಿಲ್ಲ. ಅದು ನಮ್ಮ ಮಾಡಿನ, ಅಂದರೆ ಮನೆಯ ಸೂರಿನ, ಮೇಲೆಯೇ ಇದೆ.

ನನ್ನ ಬಾಲ್ಯದಲ್ಲಿ ನಮ್ಮದು ಸೋಗೆಯ ಮನೆ. ಮಳೆಗಾಲಕ್ಕೆ ಮುಂಚೆ ‘ಮನೆ ಹೊದಿಸುವ’ ದಿನವೆಂದರೆ ಕೇರಿಯವರೆಲ್ಲ ಬರುತ್ತಿದ್ದರು. ಹೊಗೆ ಹಿಡಿದು ಕಪ್ಪಾದ ಹಳೆಯ ಸೋಗೆಯನ್ನು ಕಿತ್ತೊಗೆದಾಗ ಅಡುಗೆಮನೆಯ ಒಳಗೆ ವರ್ಷಕ್ಕೊಮ್ಮೆ ಮಾತ್ರ ಬೀಳುವ ಬಿಸಿಲು ಬೀಳುತ್ತಿತ್ತು, ಒಲೆಯ ಮೇಲೆಲ್ಲ ಮಸಿ ಉದುರುತ್ತಿತ್ತು. ಗಟ್ಟಿಯಿದ್ದ ಬಿದಿರ ಗಳಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವುಗಳ ಮೇಲೆಯೇ ಹೊಸ ಅಡಿಕೆ ಸೋಗೆಯನ್ನು ಸಾಲುಸಾಲಾಗಿ ಕಟ್ಟುತ್ತಿದ್ದರು. ಸಂಜೆಗೆ ಅದೇ ಮನೆ, ಬೇರೆಯ ಹೊದಿಕೆ. ಈ ಕೆಲಸವನ್ನು ಯಾರೂ ‘ಮನೆ ಕಟ್ಟಿದರು’ ಎನ್ನಲಿಲ್ಲ, ‘ದುರಸ್ತಿ’ ಎಂದೂ ಹೇಳಲಿಲ್ಲ. ಶಿರಸಿಯ ತಮ್ಮ ಮಾಡುತ್ತಿರುವುದೂ ಅದನ್ನೇ: ಕದ ಅದೇ, ಹೊದಿಕೆ ಹೊಸದು. ‘ಕದ ಹೊದಿಸುವುದು’ ಎನ್ನಿ.

ಮದ್ದಳೆಯ ‘ಮುಚ್ಚಿಗೆ’ಯನ್ನೂ ಯೋಚಿಸಿದೆ. ಹಳೆಯ ಕಳಸಿಗೆಗೆ, ಅಂದರೆ ಮದ್ದಳೆಯ ಮರದ ಒಡಲಿಗೆ, ಹೊಸ ಚರ್ಮ ಬಿಗಿಯುವುದೂ ಇಂಥದ್ದೇ ಕೆಲಸ. ಆದರೆ ನಮ್ಮ ಕಡೆ ಮುಚ್ಚಿಗೆಯೆಂದರೆ ಕೋಣೆಯ ಮೇಲಿನ ಹಲಗೆಯ ಹಾಸೂ ಹೌದಾದ್ದರಿಂದ, ಮನೆಗೆ ಸಂಬಂಧಿಸಿದ ಫಲಕದಲ್ಲಿ ಗೊಂದಲವಾದೀತು.

ಕುಮಟಾದಿಂದ:

ಹೊದಿಕೆಯೆಂದರೆ ಕಂಬಳಿ. ಅಲ್ಲದೆ, ಬೆತ್ತ ಹಾಕುವಾಗ ಕದದ ನಡುವಿನ ಹಲಗೆಯನ್ನೇ ಕತ್ತರಿಸಿ ತೆಗೆದು ಚೌಕಟ್ಟನ್ನಷ್ಟೇ ಉಳಿಸುತ್ತಾರೆ. ಅಡಿಯಲ್ಲಿ ಏನೂ ಇಲ್ಲದಿದ್ದಾಗ ಹೊದಿಸುವುದು ಯಾವುದಕ್ಕೆ?

ಸಿದ್ದಾಪುರದಿಂದ:

ಸೋಗೆಯ ಅಡಿಯಲ್ಲೂ ಹಲಗೆ ಇರಲಿಲ್ಲ, ಗಳಗಳ ನಡುವೆ ಆಕಾಶವಿತ್ತು. ಬೆತ್ತದ ಹೆಣಿಗೆಯನ್ನು ನೀರಿನಲ್ಲಿ ನೆನೆಸಿ ಚೌಕಟ್ಟಿಗೆ ಕೂರಿಸುತ್ತಾರೆ, ಒಣಗುತ್ತ ಅದು ತಾನೇ ಬಿಗಿದುಕೊಳ್ಳುತ್ತದೆ. ಹೊದಿಕೆಗೆ ಬೇಕಾದದ್ದು ಆಧಾರ, ಹಲಗೆಯೇ ಆಗಬೇಕೆಂದಿಲ್ಲ. ಕಂಬಳಿಯ ಆಕ್ಷೇಪಕ್ಕೂ ಉತ್ತರವಿದೆ. ‘ಹೊದಿಕೆ’ ಒಂದೇ ನಿಂತರೆ ಕಂಬಳಿ. ‘ಕದಕ್ಕೆ’ ಎಂಬ ಚತುರ್ಥಿ ಮುಂದೆ ಬಂದರೆ ಯಾರೂ ಕಂಬಳಿ ಕೊಳ್ಳಲು ಬರುವುದಿಲ್ಲ. ಬಣ್ಣ ಮಾತ್ರ ಈ ಪದದಲ್ಲಿ ಸೇರದು, ಅದನ್ನು ಬಳಿಯುತ್ತೇವೆಯೇ ಹೊರತು ಹೊದಿಸುವುದಿಲ್ಲ. ತಮ್ಮನವರು ಬಣ್ಣದ ಕೆಲಸವನ್ನೂ ಮಾಡುವುದಾದರೆ ಅದನ್ನು ಬೇರೆಯಾಗಿ ಬರೆಸಿ.

ಶಿರಸಿಯಿಂದ:

ಎಲ್ಲರಿಗೂ ಕೃತಜ್ಞತೆಗಳು. ಬಣ್ಣದ ಕೆಲಸ ಅವನು ಮಾಡುವುದಿಲ್ಲ. ‘ಪರ್ಯಾಯ ಸಾಮಗ್ರಿ’ಯನ್ನು ಕೈಬಿಟ್ಟು ಸಾಮಗ್ರಿಗಳ ಹೆಸರನ್ನೇ ಕೊಟ್ಟಿದ್ದೇನೆ. ಫಲಕ ಹೀಗಿದೆ: “ಅಡುಗೆಮನೆ ಕಪಾಟಿನ ಹಳೆಯ ಕದಗಳಿಗೆ ಹೊಸ ಹೊದಿಕೆ. ಬೆತ್ತ, ಬಿದಿರು, ತಾಮ್ರ, ಕೈಮಗ್ಗದ ಬಟ್ಟೆ.” ತಮ್ಮ ಓದಿ, ಮೈಕಾ ಬೇಕೆಂದು ಕೇಳಿ ಬರುವವರೂ ಇದ್ದಾರೆ, ಅದನ್ನೂ ಸೇರಿಸು ಎಂದ. ಕೊನೆಯಲ್ಲಿ ‘ಮೈಕಾ’ ಎಂದೇ ಸೇರಿಸಿದ್ದೇನೆ.